ಪೋಷಕರ ಸಹಿ

ಬ್ರೇಕಿಂಗ್ ನ್ಯೂಸ್ ಸ್ವಲ್ಪ ಹೊತ್ತು ಪಕ್ಕಕ್ಕಿರಲಿ. ಇವತ್ತು ಒಂದು ಫೈಲಿನ ಕಥೆ ಹೇಳ್ತೀನಿ.

ಬೆಂಗಳೂರಿನ ಹೊರವಲಯದಲ್ಲಿರುವ ಒಂದು ಅಸಿಸ್ಟೆಡ್ ಲಿವಿಂಗ್ ಮನೆಗೆ ವರದಿಗಾಗಿ ಹೋಗಿದ್ದೆ. ವೃದ್ಧಾಶ್ರಮ ಅಂದ್ರೆ ಅಲ್ಲಿಯವರಿಗೆ ಬೇಜಾರು. ಸ್ವಂತ ಕೋಣೆ ಇದೆ. ಸ್ನಾನಕ್ಕೆ, ಮಾತ್ರೆಗೆ, ಓಡಾಟಕ್ಕೆ ಸಹಾಯ ಇದೆ. ಪ್ರತಿಯೊಬ್ಬರಿಗೂ ಒಂದು 'ಕೇರ್ ಪ್ಲಾನ್' ಇರುತ್ತೆ. ಏನು ಊಟ, ಯಾರು ಸ್ನಾನ ಮಾಡಿಸಬೇಕು, ಒಬ್ಬರೇ ಗೇಟು ದಾಟಬಹುದೋ ಇಲ್ಲವೋ, ಎಲ್ಲ ಅದರಲ್ಲೇ.

78 ವರ್ಷದ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ತಮ್ಮ ಫೈಲ್ ತರಿಸಿ ನನ್ನ ಮುಂದಿಟ್ಟರು. ಕೊನೇ ಪುಟದಲ್ಲಿ 'ಪೋಷಕರ ಸಹಿ' ಅಂತ ಜಾಗ, ಅಲ್ಲಿ ಮಗನ ಸಹಿ. "ಮಾರ್ಕ್ಸ್ ಕಾರ್ಡಿಗೆ ಪೋಷಕರ ಸಹಿ ಹಾಕಿಸಿಕೊಂಡು ಬಾ ಅಂತ ಎಷ್ಟು ಮಕ್ಕಳನ್ನ ಮನೆಗೆ ಓಡಿಸಿದ್ದೀನೋ! ಈಗ ನನ್ನ ಪೋಷಕ ನನ್ನ ಮಗ" ಅಂದು ನಕ್ಕರು. ಕ್ಯಾಮೆರಾಮನ್ ಕೂಡ ನಕ್ಕ. ನಾನು ಪುಟ ತಿರುವಿದೆ. 12 ಪುಟಗಳಲ್ಲಿ ಅವರ ಸಹಿ ಎಲ್ಲೂ ಇರಲಿಲ್ಲ.

ಮಗ ಕೆಟ್ಟವನಲ್ಲ. ನ್ಯೂಜೆರ್ಸಿಯಲ್ಲಿದ್ದಾನೆ, ಮೂರು ತಿಂಗಳಿಗೊಮ್ಮೆ ವಿಡಿಯೋ ಕಾಲ್‌ನಲ್ಲಿ ಕೂತು ಪ್ಲಾನ್ ಪರಿಶೀಲಿಸುತ್ತಾನೆ. ಆದರೆ ಆ ಮೀಟಿಂಗ್ ನಮ್ಮ ರಾತ್ರಿ ಒಂಬತ್ತೂವರೆಗೆ. ಆ ಹೊತ್ತಿಗೆ ಅಮ್ಮನಿಗೆ ಮಾತ್ರೆ ಕೊಟ್ಟು ಮಲಗಿಸಿ ಒಂದು ಗಂಟೆ ಆಗಿರುತ್ತೆ!

ನಾನು ಓದಿದ್ದು ಇಂಜಿನಿಯರಿಂಗ್. ಬಳಸೋರನ್ನ ಕೇಳದೆ ಒಂದು ಆ್ಯಪ್ ಮಾಡಿದರೂ ಪ್ರಾಜೆಕ್ಟ್ ಗೈಡ್ ಬೈತಿದ್ದರು. ಆದರೆ ನನ್ನ ಅಮ್ಮನ ಕಣ್ಣಿನ ಆಪರೇಷನ್‌ಗೆ ಆಸ್ಪತ್ರೆ, ತಾರೀಖು ಎಲ್ಲ ನಾನೇ ನಿಗದಿ ಮಾಡಿ ಕೊನೆಗೆ ಅವರಿಗೆ ಫೋನ್ ಮಾಡಿದ್ದೆ. ಅದಕ್ಕೇ ಆ ಮಗನನ್ನ ಬೈಯೋಕೆ ನನಗೆ ಬಾಯಿ ಬರಲಿಲ್ಲ.

ಮಗ ಇರುವ ಅಮೆರಿಕದಲ್ಲಿ 1987ರಲ್ಲೇ ಒಂದು ಕಾನೂನು ಬಂತು. ಸರ್ಕಾರದ ಹಣ ಪಡೆಯುವ ನರ್ಸಿಂಗ್ ಹೋಮ್‌ಗಳಲ್ಲಿ (ಅಲ್ಲಿ ಹಾಗಂದ್ರೆ ಹಿರಿಯರ ಆರೈಕೆ ಮನೆ, ನಮ್ಮ ಹೆರಿಗೆ ಆಸ್ಪತ್ರೆಯಲ್ಲ) ಆರೈಕೆ ಯೋಜನೆ ಮಾಡುವಾಗ ಅಲ್ಲಿ ವಾಸಿಸುವವರಿಗೂ ಭಾಗವಹಿಸುವ ಹಕ್ಕಿದೆ. ನಮ್ಮ 2007ರ ಹಿರಿಯ ನಾಗರಿಕರ ಕಾಯ್ದೆ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುತ್ತೆ. ಜಿಲ್ಲೆಗೊಂದಾದರೂ ವೃದ್ಧಾಶ್ರಮ ಇರಲಿ ಅನ್ನುತ್ತೆ. ಬೆಳಗಿನ ಕಾಫಿ ಎಷ್ಟು ಗಂಟೆಗೆ ಬೇಕು ಅಂತ ಅಜ್ಜಿಯನ್ನ ಕೇಳಿ ಅನ್ನೋದಿಲ್ಲ.

ಕಾಫಿ ಸಣ್ಣ ವಿಷಯ ಅನ್ನಬೇಡಿ. ಈ ಮೇಡಂ ಜೀವನಪೂರ್ತಿ ನಾಲ್ಕೂವರೆಗೆ ಎದ್ದವರು. ಅಲ್ಲಿ ಅಡುಗೆಮನೆ ತೆರೆಯೋದು ಆರೂವರೆಗೆ. ಎರಡು ಗಂಟೆ ಕತ್ತಲಲ್ಲಿ ಗೋಡೆ ನೋಡ್ತಾ ಕೂರ್ತಿದ್ದರು. ಸಿಬ್ಬಂದಿ ಫೈಲಿನಲ್ಲಿ ಬರೆದದ್ದು: 'ನಿದ್ರಾಹೀನತೆ'. ಮಗನಿಗೂ ಹಾಗೇ ವರದಿ ಹೋಯ್ತು, ಮಗ ಡಾಕ್ಟರಿಗೆ ತೋರಿಸಿ ಅಂದ, ಒಂದು ಮಾತ್ರೆ ಹೆಚ್ಚಾಯ್ತು. ಯಾರದ್ದೂ ದುರುದ್ದೇಶ ಇಲ್ಲ, ನೋಡಿ.

ಮರೆವಿನ ಕಾಯಿಲೆ ಇರೋರನ್ನ ಏನು ಕೇಳೋದು ಅಂತ ಮ್ಯಾನೇಜರ್ ನನ್ನನ್ನ ಕೇಳಿದರು. ನ್ಯಾಯವಾದ ಪ್ರಶ್ನೆ. ಅಲ್ಲಿ ಮನೆಯವರೇ ನೆನಪಿನ ಪುಸ್ತಕ. ತಣ್ಣೀರು ಅಂದ್ರೆ ಭಯ, ಎಡಗಿವಿ ಕೇಳಲ್ಲ ಅನ್ನೋದು ಮಗಳಿಗೆ ಗೊತ್ತಿರುತ್ತೆ. ಹಾಗಂತ ಈ ಸೀರೆಯೋ ಆ ಸೀರೆಯೋ ಅಂತ ಅವರನ್ನೂ ಕೇಳಬಹುದಲ್ಲ?

ನಾವು ಹೋಗಿ ಬಂದ ಮೇಲೆ ಮೀಟಿಂಗ್ ಬೆಳಗ್ಗೆ ಏಳೂವರೆಗೆ ಬದಲಾಯ್ತು. ನ್ಯೂಜೆರ್ಸಿಯಲ್ಲಿ ಆಗ ರಾತ್ರಿ, ಮಗ ಆಕಳಿಸಿದನಂತೆ. ಮೇಡಂ ಇಸ್ತ್ರಿ ಸೀರೆ ಉಟ್ಟು, ಬೇಡಿಕೆಗಳನ್ನ ಹಾಳೆಯಲ್ಲಿ ಬರೆದುಕೊಂಡು ಕೂತಿದ್ದರು. ಈಗ ರಾತ್ರಿಯೇ ಫ್ಲಾಸ್ಕಿನಲ್ಲಿ ಕಾಫಿ ಇಡ್ತಾರೆ. ಒಬ್ಬರೇ ವಾಕಿಂಗ್ ಹೋಗೋ ವಿಷಯ ಮಾತ್ರ ಇತ್ಯರ್ಥ ಆಗಿಲ್ಲ. ಬಿದ್ದರೆ ಅಂತ ಮಗ ಒಪ್ಪಿಲ್ಲ, ಮೇಡಂ ಪಟ್ಟು ಬಿಟ್ಟಿಲ್ಲ. ಮುಂದಿನ ಮೀಟಿಂಗ್‌ಗೆ ಅದೇ ಮೊದಲನೇ ವಿಷಯವಂತೆ.