ಕಮಾನು ಎಳೆಯಲು ಒಂದು ಜಾಗ



ನಾನು ಬೆಳೆದದ್ದು ಧಾರಾವಿಯ ಒಂದೇ ಕೋಣೆಯ ಮನೆಯಲ್ಲಿ. ಈಗ ಸಾಫ್ಟ್‌ವೇರ್ ಕೆಲಸ. ಚಿಕ್ಕವಳಿದ್ದಾಗ ಎರಡು ವರ್ಷ ಪಿಟೀಲು ಕಲಿತೆ. ಕಮಾನು ಎಳೆದರೆ ಗೋಡೆಯಾಚೆ ರಾತ್ರಿಪಾಳಿ ಮುಗಿಸಿ ಮಲಗಿದವರಿಗೆ ನಿದ್ದೆಗೇಡು. ಅವ್ವ ಬಯ್ಯಲಿಲ್ಲ, ಪಿಟೀಲನ್ನು ಅಟ್ಟಕ್ಕೇರಿಸಿದಳು. ನಾನೂ ಮತ್ತೆ ಕೇಳಲಿಲ್ಲ.

ಕಳೆದ ಬೇಸಿಗೆಯಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿದ್ದೆ. ಪಂಚಾಕ್ಷರಿ ಗವಾಯಿಗಳಿಗೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ (1914–2010) ಕಣ್ಣು ಕಾಣುತ್ತಿರಲಿಲ್ಲ. ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅಲ್ಲಿ ಅನ್ನ, ವಸತಿ, ಸಂಗೀತ ಒಟ್ಟಿಗೇ ಸಿಗುತ್ತದೆ. ಪುಟ್ಟರಾಜರು ಹಾಡುವುದರ ಜೊತೆಗೆ ಪಿಟೀಲು, ಸಾರಂಗಿ, ಹಾರ್ಮೋನಿಯಂ, ತಬಲಾಗಳನ್ನೂ ಬಲ್ಲವರು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಬಳಿ, ವೆಂಕಟೇಶ ಕುಮಾರ್ ಪುಟ್ಟರಾಜರ ಬಳಿ ಕಲಿತರು.

ಅಲ್ಲಿ ಕುಳಿತಾಗ ನನಗೆ ಹೊಳೆದದ್ದಿಷ್ಟು: ಕಲಿಯುವವರಿಗೆ ಮೊದಲು ಬೇಕಾದದ್ದು, ಅಪಸ್ವರ ಬಂದರೂ ‘ನಿಲ್ಲಿಸು’ ಎನ್ನದ ಒಂದು ಜಾಗ. ಆಶ್ರಮ ಅದನ್ನು ಕೊಟ್ಟಿತು.

ನಮ್ಮ ಸಂಘದ ಕೋಣೆ ಶನಿವಾರ, ಭಾನುವಾರ ಸಂಜೆ ಖಾಲಿ ಇರುತ್ತದೆ. ಧಾರಾವಿಯ ನಮ್ಮ ಹೆಣ್ಣುಮಕ್ಕಳ ಅಭ್ಯಾಸಕ್ಕೆ ಎರಡೆರಡು ಗಂಟೆ ಬಿಟ್ಟುಕೊಡೋಣವೇ? ಬೀಗದ ಕೈ ಜವಾಬ್ದಾರಿ ನನ್ನದು. ನನ್ನ ಪಿಟೀಲನ್ನೂ ಅಟ್ಟದಿಂದ ಇಳಿಸಿದ್ದೇನೆ. ಹೊಸ ತಂತಿ ಕಟ್ಟಿಸಬೇಕು, ಅಷ್ಟೇ.