ಬಾಣಂತಿ, ಸಂಧಿವಾತ ಮತ್ತು ಜೋಗುಳ

(ಕೂಟದ ವಸಂತಕಾಲದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಕೂಟದ ಕಾರ್ಯದರ್ಶಿಗಳು ನಮ್ಮನ್ನು ಆಹ್ವಾನಿಸುವಾಗ, "ಆರೋಗ್ಯದ ವಿಷಯ ಮಾತನಾಡಿ, ಆದರೆ ಕೊಲೆಸ್ಟರಾಲ್ ಮಾತ್ರ ಬೇಡ" ಎಂದು ಷರತ್ತು ಹಾಕಿದರು. ಊಟಕ್ಕೆ ಮುಂಚಿನ ಉಪನ್ಯಾಸವಾದ್ದರಿಂದ ಷರತ್ತು ನ್ಯಾಯವಾದದ್ದೇ. ಆದಕಾರಣ ಇಂದು ಒಂದು ಕಾಯಿಲೆ, ಒಂದು ತೊಟ್ಟಿಲು, ಒಂದು ವೀಣೆ, ಈ ಮೂರರ ಬಗ್ಗೆ ಹೇಳಬಯಸುತ್ತೇವೆ. ನಮ್ಮದೇ ಒಂದು ತಪ್ಪಿನ ಕಥೆಯೂ ಇದರಲ್ಲಿ ಸೇರಿದೆ.

ಕಾಯಿಲೆಯ ಹೆಸರು ರುಮಟಾಯ್ಡ್ ಆರ್ಥ್ರೈಟಿಸ್. ನಮ್ಮವರು ಸಂಧಿವಾತ ಎನ್ನುತ್ತಾರೆ. ಮುಪ್ಪಿನಲ್ಲಿ ಮಂಡಿ ಸವೆದು ಬರುವ ನೋವನ್ನೂ ಹಾಗೆಯೇ ಕರೆಯುವುದರಿಂದ ಗೊಂದಲವಾಗುತ್ತದೆ. ಇದು ಸವೆತವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಕೀಲುಗಳ ಒಳಪೊರೆಯ ಮೇಲೆ ಎರಗುವ ವ್ಯಾಧಿ. ಬೆರಳುಗಳ ಬುಡದ ಗೆಣ್ಣುಗಳು, ನಡುವಣ ಗೆಣ್ಣುಗಳು, ಮಣಿಕಟ್ಟು ಸಾಮಾನ್ಯವಾಗಿ ಎರಡೂ ಕೈಗಳಲ್ಲಿ ಬಾತುಕೊಳ್ಳುತ್ತವೆ. ಬೆಳಗ್ಗೆ ಎದ್ದರೆ ಗಂಟೆ ಕಳೆದರೂ ಮುಷ್ಟಿ ಹಿಡಿಯಲಾಗದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಹೆರುವ ವಯಸ್ಸಿನವರನ್ನೂ ಬಿಡುವುದಿಲ್ಲ.

ಈ ವ್ಯಾಧಿಗೂ ಬಸಿರಿಗೂ ಒಂದು ವಿಚಿತ್ರ ನಂಟಿದೆ. ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಎಂಬ ವೈದ್ಯರು, ಗರ್ಭಿಣಿಯರಲ್ಲಿ ಈ ನೋವು ತಾನಾಗಿ ಇಳಿಯುವುದನ್ನು ಗಮನಿಸಿ 1938ರಲ್ಲಿ ಪ್ರಕಟಿಸಿದರು. ಗರ್ಭಿಣಿಯ ದೇಹದಲ್ಲಿ ಯಾವುದೋ ಶಮನಕಾರಿ ವಸ್ತು ಇರಬೇಕೆಂಬ ಅವರ ಊಹೆಯ ಬೆನ್ನು ಹತ್ತಿ ಹೋದದ್ದರಿಂದಲೇ 1948ರಲ್ಲಿ ಕಾರ್ಟಿಸೋನ್ ಈ ರೋಗಕ್ಕೆ ಮದ್ದಾಗಿ ಬಂತು. 1950ರಲ್ಲಿ ಅವರಿಗೆ ಕೆಂಡಲ್ ಮತ್ತು ರೈಖ್‌ಸ್ಟೈನ್ ಅವರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಬಸಿರು ಕೊಟ್ಟ ಸುಖವನ್ನು ಬಾಣಂತನ ಕಿತ್ತುಕೊಳ್ಳುತ್ತದೆ. ಹೆರಿಗೆಯಾದ ಮೊದಲ ಕೆಲವು ತಿಂಗಳಲ್ಲಿ, ಕೂಸನ್ನು ಎತ್ತಲು ಕೈಗಳು ಅತ್ಯಂತ ಅಗತ್ಯವಾದಾಗಲೇ, ವ್ಯಾಧಿ ಅನೇಕರಲ್ಲಿ ಮತ್ತೆ ಕೆರಳುತ್ತದೆ.

ಸುಮಾರು ಹತ್ತು ವರ್ಷಗಳ ಹಿಂದೆ ಎಡಿಸನ್ನಿನಿಂದ ಓರ್ವ ತರುಣಿ ನಮ್ಮಲ್ಲಿಗೆ ಬಂದರು. ಮೈಸೂರಿನಲ್ಲಿ ವೀಣೆ ಕಲಿತವರು. ಮೆಥೊಟ್ರೆಕ್ಸೇಟ್ ಸೇವಿಸುತ್ತಿದ್ದರು, ಅದು ಪಿಂಡಕ್ಕೆ ಹಾನಿಕರವಾದ್ದರಿಂದ ಬಸಿರಿಗೆ ತಿಂಗಳುಗಳ ಮುಂಚೆಯೇ ನಿಲ್ಲಿಸಿದ್ದಾಯಿತು. ಬಸಿರಿನಲ್ಲಿ ಕೈ ಹಗುರಾಗಿ, ಏಳನೆಯ ತಿಂಗಳಿನಲ್ಲಿ ನವರಾತ್ರಿಗೆ ಗೊಂಬೆಗಳ ಮುಂದೆ ಕುಳಿತು ವೀಣೆ ನುಡಿಸಿದರಂತೆ. ಹೆಣ್ಣು ಮಗುವಾಯಿತು. ಒಂಬತ್ತನೆಯ ವಾರದಲ್ಲಿ ಎರಡೂ ಕೈ ಬಾತುಕೊಂಡವು. ಬಾಣಂತನಕ್ಕೆಂದು ಆರು ತಿಂಗಳ ವೀಸಾದಲ್ಲಿ ಬಂದಿದ್ದ ತಾಯಿ, "ತಣ್ಣೀರಿಗೆ ಕೈ ಹಾಕಿದಳು, ವಾಯುವಾಯಿತು" ಎಂದರು. ತಣ್ಣೀರಿನದೇನೂ ತಪ್ಪಿರಲಿಲ್ಲ. ಹಾಲಿಗೆ ಇಳಿದೀತೆಂಬ ಭಯದಿಂದ ಮಗಳು ನಾವು ಬರೆದುಕೊಟ್ಟ ಮಾತ್ರೆಗಳನ್ನು ಯಾರಿಗೂ ಹೇಳದೆ ಬಿಟ್ಟಿದ್ದರು.

ಈಗ ನಮ್ಮ ತಪ್ಪಿಗೆ ಬರೋಣ. ವೀಣೆಯಲ್ಲಿ ಎಡಗೈಯ ತೋರುಬೆರಳು, ನಡುಬೆರಳು ತಂತಿಯನ್ನು ಮೆಟ್ಟಿಲ ಮೇಲೆ ಒತ್ತುವುದಷ್ಟೇ ಅಲ್ಲ, ಗಮಕಕ್ಕಾಗಿ ಪಕ್ಕಕ್ಕೆ ಎಳೆಯಲೂ ಬೇಕು. ಉರಿಯುವ ಗೆಣ್ಣಿಗೆ ಅದಕ್ಕಿಂತ ಕೆಟ್ಟ ಶ್ರಮವಿಲ್ಲ. ಔಷಧದ ಚೀಟಿ ಬರೆಯುತ್ತ, ತಲೆಯೆತ್ತದೆ, "ವೀಣೆ ಇನ್ನು ಸಾಕು, ಮೇಲೆತ್ತಿಡಿ" ಎಂದುಬಿಟ್ಟೆವು. ಎಷ್ಟು ದಿನ ಎಂದು ಹೇಳಲಿಲ್ಲ. ಎಂಟು ವರ್ಷದಿಂದ ಆ ವಾದ್ಯ ಆಕೆಗೆ ಏನಾಗಿತ್ತೆಂದು ಕೇಳಲೂ ಇಲ್ಲ. ಮುಂದಿನ ಭೇಟಿಯಲ್ಲಿ ಬಾವು ತುಸು ಇಳಿದಿತ್ತು, ಮುಖ ಮಾತ್ರ ಕಂದಿತ್ತು. ಬಾಣಂತಿಯರ ಖಿನ್ನತೆಯನ್ನು ಅಳೆಯುವ, 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಪಟ್ಟಿಯ ಹತ್ತು ಪ್ರಶ್ನೆಗಳನ್ನು ಕೇಳತೊಡಗಿದೆವು. ನಡುವಿನಲ್ಲೇ ಆಕೆ ಅತ್ತು, "ಕೈ ಜಾರೀತೆಂದು ಮಗುವನ್ನು ಎತ್ತಲು ಹೆದರುತ್ತೇನೆ ಡಾಕ್ಟರೇ. ವೀಣೆಯೂ ಹೋಯಿತು. ಇವಳಿಗೆ ನಾನು ಏನು ಕೊಡಲಿ?" ಎಂದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಮೂಲೆಯಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಅಜ್ಜಿ ಹೇಳಿದರು: "ಗಂಟಲಿಗೇನೂ ಆಗಿಲ್ಲವಲ್ಲೇ, ಹಾಡು." ತಣ್ಣೀರಿನ ವಿಷಯದಲ್ಲಿ ಎಡವಿದ್ದ ಅಜ್ಜಿ ಇಲ್ಲಿ ನಮಗಿಂತ ಮುಂದಿದ್ದರು. (ಈ ವ್ಯಾಧಿ ಧ್ವನಿಪೆಟ್ಟಿಗೆಯ ಪುಟ್ಟ ಕೀಲಿಗೂ ತಗಲುವುದುಂಟು, ಪುಣ್ಯಕ್ಕೆ ಈಕೆಗೆ ತಗಲಿರಲಿಲ್ಲ.)

ಅಜ್ಜಿಯ ಮಾತಿಗೆ ಶಾಸ್ತ್ರದ ಬೆಂಬಲವೂ ಇದೆ. ನವಜಾತ ಶಿಶು ತಾಯಿಯ ದನಿಯನ್ನು ಇತರ ಹೆಂಗಸರ ದನಿಯಿಂದ ಬೇರ್ಪಡಿಸಿ ಅದನ್ನೇ ಬಯಸುತ್ತದೆಂದು ಡಿಕ್ಯಾಸ್ಪರ್ ಮತ್ತು ಫೈಫರ್ 1980ರಲ್ಲೇ ತೋರಿಸಿದ್ದರು. ನಮ್ಮ ಮ್ಯಾನ್‌ಹಟನ್ನಿನ ಬೆತ್ ಇಸ್ರೇಲ್ ಆಸ್ಪತ್ರೆಯ ಜೋಆನ್ ಲೋವಿ ಮತ್ತು ಸಂಗಡಿಗರು 11 ಆಸ್ಪತ್ರೆಗಳಲ್ಲಿ ಅವಧಿಗೆ ಮುನ್ನ ಹುಟ್ಟಿದ 272 ಶಿಶುಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆತ್ತವರು ತಾವೇ ಆರಿಸಿದ ಹಾಡನ್ನು ಜೋಗುಳದಂತೆ ಎದುರಿಗೇ ಹಾಡಿದಾಗ ಶಿಶುಗಳ ಹೃದಯಬಡಿತ ನಿಧಾನವಾಯಿತು, ಹೆತ್ತವರ ಆತಂಕವೂ ತಗ್ಗಿತು. ಲಂಡನ್ನಿನಲ್ಲಿ ಖಿನ್ನತೆಯ ಲಕ್ಷಣಗಳಿದ್ದ 134 ತಾಯಂದಿರ ಅಧ್ಯಯನ 2018ರಲ್ಲಿ ಹೊರಬಂತು; ಕೂಸುಗಳೊಡನೆ ಕೂಡಿ ಹಾಡಿದವರಲ್ಲಿ, ಲಕ್ಷಣಗಳು ತೀವ್ರವಾಗಿದ್ದವರು ಬೇಗನೆ ಚೇತರಿಸಿಕೊಂಡರು. ಕಾರ್ನೆಗಿ ಹಾಲ್ ಸಂಸ್ಥೆ 2011ರಲ್ಲಿ ಬ್ರಾಂಕ್ಸಿನ ಜಕೋಬಿ ಆಸ್ಪತ್ರೆಯಲ್ಲಿ ತಾಯಂದಿರೊಡನೆ ಸಂಗೀತಗಾರರನ್ನು ಕೂರಿಸಿ ಜೋಗುಳ ಕಟ್ಟಿಸುವ ಕೆಲಸ ಆರಂಭಿಸಿತು. ನಮ್ಮ ಹಳ್ಳಿಯ ಹೆಂಗಸರಿಗೆ ಇದಾವುದೂ ಹೊಸದಲ್ಲ. ತೊಟ್ಟಿಲ ಶಾಸ್ತ್ರದಂದು ಹಾಡಿಲ್ಲದ ಮನೆ ಅವರಿಗೆ ಮನೆಯೇ ಅಲ್ಲ.

ಆದರೂ ಒಂದು ಎಚ್ಚರಿಕೆ. ಹಾಡು ಗೆಣ್ಣಿನ ಬಾವನ್ನು ಇಳಿಸದು. ಬಾವನ್ನು ತಡೆಯದಿದ್ದರೆ ಮೂಳೆ ಕೊರೆದು ಬೆರಳು ಶಾಶ್ವತವಾಗಿ ಸೊಟ್ಟಗಾಗುತ್ತದೆ. ಮೆಥೊಟ್ರೆಕ್ಸೇಟ್, ಲೆಫ್ಲುನೊಮೈಡ್ ಹಾಲೂಡಿಸುವ ತಾಯಿಗೆ ಸಲ್ಲವು. ಆದರೆ ಹೈಡ್ರಾಕ್ಸಿಕ್ಲೋರೋಕ್ವಿನ್, ಅಲ್ಪ ಪ್ರಮಾಣದ ಪ್ರೆಡ್ನಿಸೋನ್ ಸಲ್ಲುತ್ತವೆ. ಸರ್ಟೊಲಿಝುಮ್ಯಾಬ್ ಎಂಬ ಚುಚ್ಚುಮದ್ದು ಹಾಲಿಗೆ ಇಳಿಯುವುದು ಅತ್ಯಲ್ಪ. ಹೆದರಿ ಔಷಧ ಬಿಡುವ ಮುನ್ನ ವೈದ್ಯರನ್ನು ಕೇಳಿ. ಮನೆಯ ಹಿರಿಯರೂ ದಯವಿಟ್ಟು ಬಾಣಂತಿಯನ್ನು ಹೆದರಿಸಬೇಡಿ.

ಆ ತಾಯಿಗೆ ಚುಚ್ಚುಮದ್ದು ಆರಂಭಿಸಿದೆವು. ಬೆರಳಿನ ಬದಲು ಮುಂಗೈಗಳ ಮೇಲೆ ಭಾರ ಹೊತ್ತು ಮಗುವನ್ನೆತ್ತುವ ಬಗೆಯನ್ನು ಆಕ್ಯುಪೇಷನಲ್ ಥೆರಪಿಸ್ಟ್ ಕಲಿಸಿದರು. ವೀಣೆಯ ಬಗ್ಗೆ ನಾವು ಆಡಿದ್ದ ಮಾತನ್ನು ಹಿಂತೆಗೆದುಕೊಂಡು ಕ್ಷಮೆ ಕೇಳಿದೆವು: ಬಾವು ಇಳಿದ ಮೇಲೆ, ಬಿಸಿನೀರಿನಲ್ಲಿ ಕೈ ಕಾಯಿಸಿಕೊಂಡು, ಹತ್ತೇ ನಿಮಿಷ. ಅಷ್ಟರವರೆಗೆ ಜೋಗುಳ. ವೀಸಾ ಮುಗಿದು ಅಜ್ಜಿ ಊರಿಗೆ ಮರಳಿದ ಮೇಲೆ, ಮರೆತ ನುಡಿಗಳನ್ನು ದೂರವಾಣಿಯಲ್ಲಿ ಕೇಳಿ ಬರೆದುಕೊಳ್ಳುತ್ತಿದ್ದರಂತೆ. ಅಂದಿನಿಂದ ಕೈ ನೋವೆಂದು ಬಂದವರಿಗೆಲ್ಲ, "ಈ ಕೈಗಳಿಂದ ನೀವು ಏನೇನು ಮಾಡುತ್ತೀರಿ?" ಎಂದು ನಾವು ಮೊದಲು ಕೇಳುತ್ತೇವೆ.

ಆ ಹುಡುಗಿಗೆ ಈಗ ಹತ್ತು ವರ್ಷ. ತಾಯಿಯ ಬಳಿಯೇ ವೀಣೆ ಕಲಿಯುತ್ತಿದ್ದಾಳೆ. ತಾಯಿಯ ಎಡಗೈಯ ನಡುಬೆರಳು ಸ್ವಲ್ಪ ಬಾಗಿಯೇ ಉಳಿಯಿತು. ತಂತಿಯನ್ನು ದೂರ ಎಳೆಯಬೇಕಾದ ಗಮಕಗಳು ಬಂದಾಗ ಆಕೆ ಕೈ ತೆಗೆದು, ಹಾಡಿ ತೋರಿಸುತ್ತಾರೆ.