ಹೆಲ್ಪ್‌ಡೆಸ್ಕ್ ಇಂಟರ್‌ವ್ಯೂನಲ್ಲಿ ನನಗೆ ಕೆಲಸ ಕೊಡಿಸಿದ ಪ್ರಶ್ನೆ

ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಬಂದಾಗ, ಕೆಲಸ ಕೊಡಿಸ್ತೀವಿ ಅಂದ ಒಂದು ಕನ್ಸಲ್ಟೆನ್ಸಿಗೆ ಅಪ್ಪನ ಹತ್ತಿರ ಇಸ್ಕೊಂಡು 15 ಸಾವಿರ ಕಟ್ಟಿದ್ದೆ. ದುಡ್ಡೂ ಹೋಯ್ತು, ಆರು ತಿಂಗಳೂ ಹೋಯ್ತು. ಆಫರ್ ಲೆಟರ್‌ಗೆ ಯಾರಾದ್ರೂ ದುಡ್ಡು ಕೇಳಿದ್ರೆ ಎದ್ದು ಬನ್ನಿ, ಅಷ್ಟೇ.

ಕೊನೆಗೆ ನನ್ನ ಕೈ ಹಿಡಿದಿದ್ದು ಒಂದು ಸಾದಾ ಪ್ರಶ್ನೆ. 'ಇಂಟರ್ನೆಟ್ ಬರ್ತಿಲ್ಲ ಅಂತ ಯೂಸರ್ ಫೋನ್ ಮಾಡ್ತಾರೆ. ಏನ್ ಮಾಡ್ತೀರಿ?' ಹಿಂದೆ ಎರಡು ಕಡೆ 'ರೀಸ್ಟಾರ್ಟ್ ಮಾಡಿಸ್ತೀನಿ' ಅಂದು ವಾಪಸ್ ಬಂದಿದ್ದೆ. ಈ ಸಲ, 'ನಿಮಗೊಬ್ಬರಿಗೇನಾ, ಪಕ್ಕದವರಿಗೂ ಬರ್ತಿಲ್ವಾ ಅಂತ ಮೊದಲು ಕೇಳ್ತೀನಿ ಸರ್' ಅಂದೆ. ಎಲ್ಲರಿಗೂ ಇಲ್ಲ ಅಂದ್ರೆ ನೆಟ್‌ವರ್ಕ್ ಟೀಮಿಗೆ ಟಿಕೆಟ್. ಒಬ್ಬರಿಗೇ ಆದ್ರೆ ಕೇಬಲ್, ವೈಫೈ ನೋಡಿಸಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಟೈಪ್ ಮಾಡಿಸೋದು. ಐಪಿ 169.254ರಿಂದ ಶುರುವಾಗಿದ್ರೆ, ಡಿಎಚ್‌ಸಿಪಿ ಸರ್ವರ್‌ನಿಂದ ವಿಳಾಸ ಸಿಗದೆ ವಿಂಡೋಸ್ ತಾನೇ ಒಂದು ಹಾಕ್ಕೊಂಡಿದೆ ಅಂತ ಅರ್ಥ. ಇಷ್ಟನ್ನ ಕಲಿತಿದ್ದು ರೂಮ್‌ಮೇಟ್‌ನ ಹಳೇ ಲ್ಯಾಪ್‌ಟಾಪ್‌ನಲ್ಲಿ.

ಈಗ ಇಂಟರ್‌ವ್ಯೂ ತಗೊಳ್ಳೋನು ನಾನೇ. ಹುಡುಗ್ರು ಇಂಗ್ಲಿಷ್‌ನಲ್ಲಿ ತಡವರಿಸಿದ್ರೆ ಕಾಯ್ತೀನಿ. ಏನೂ ವಿಚಾರಿಸದೆ ಸೀದಾ ಉತ್ತರಕ್ಕೆ ಹಾರಿದ್ರೆ ಮಾತ್ರ ಅನುಮಾನ ಬರುತ್ತೆ. ಹಾಂ, ಇನ್ನೊಂದು. ಇಲ್ಲಿ ರಾತ್ರಿ ಪಾಳಿ ಸಾಮಾನ್ಯ. ಮನೇಲಿ ಮೊದಲೇ ಹೇಳಿಡಿ. ನಮ್ಮಮ್ಮ ಮೂರು ತಿಂಗಳು ಮಾತು ಬಿಟ್ಟಿದ್ರು.